ಗದ್ದೆಯ ವಯಸ್ಸು ಕೇಳಲು ಜರ್ಮನಿಗೆ ಹೋದದ್ದು

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತೇಳು ಎನ್ನುವುದೂ ಆಧಾರ್ ಕಾರ್ಡು ಹೇಳುವ ಲೆಕ್ಕ. ನನ್ನ ಅವ್ವನನ್ನು ಕೇಳಿದರೆ ‘ಕಟ್ಟೆ ಒಡೆದ ವರ್ಷ ಹುಟ್ಟಿದೋಳು’ ಎನ್ನುತ್ತಿದ್ದಳು. ಯಾವ ಕಟ್ಟೆ ಎಂದು ಸಾಯುವವರೆಗೂ ಹೇಳಲಿಲ್ಲ. ಸ್ವಂತ ವಯಸ್ಸೇ ನೆಟ್ಟಗೆ ಗೊತ್ತಿಲ್ಲದ ನಾನು ಗದ್ದೆಯ ವಯಸ್ಸು ಕೇಳಿಕೊಂಡು ಬರಲು ಜರ್ಮನಿಗೆ ಹೋದೆ.

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಇದನ್ನು ಬರೆದ ಮೇಲೆ ಪಕ್ಕದ ಮನೆಯ ಟೀಚರಮ್ಮನಿಗೆ ತೋರಿಸಿದ್ದೇನೆ. ಒತ್ತಕ್ಷರ ಸರಿಯಿದ್ದರೆ ಅವಳದು, ತಪ್ಪಿದ್ದರೆ ನನ್ನದು.

ಹೊರಡುವ ಮುಂಚೆ, ಕ್ಯಾತನಹಳ್ಳಿಯಲ್ಲಿ

ಇದಕ್ಕೆಲ್ಲ ಮೂಲ ಆಸ್ಮಾ ಎಂಬ ಹುಡುಗಿ. ಶ್ರೀರಂಗಪಟ್ಟಣದವಳು. ಅವಳ ಅಪ್ಪ ರಹಮತ್ ಸಾಬರು ಗೂಡ್ಸ್ ಆಟೋ ಓಡಿಸುತ್ತಾರೆ. ನಮ್ಮ ಊರಿನ ತರಕಾರಿ ಹೊತ್ತು ಹೊತ್ತೇ ಅವರ ಗಾಡಿ ಹಳೆಯದಾಗಿದ್ದು. ಮಗಳು ಜರ್ಮನಿಯಲ್ಲಿ ಮಣ್ಣಿನ ಮೇಲೆ ಓದುತ್ತಿದ್ದಾಳೆ ಎಂದು ಅವರು ಹೇಳಿದಾಗ ನನಗೆ ಅಯ್ಯೋ ಅನ್ನಿಸಿತ್ತು. ಅಷ್ಟು ದೂರ ಹೋಗಿ ಮಣ್ಣು ನೋಡುವುದೇ ಆದರೆ ನಮ್ಮಲ್ಲೇನು ಕಡಿಮೆಯೇ?

ಒಂದು ಬೇಸಿಗೆಯಲ್ಲಿ ಅವಳೇ ಬಂದಳು. ಬೆಳಗೊಳದ ಒಂದು ಭತ್ತದ ಗದ್ದೆ, ಕೆ.ಆರ್. ಪೇಟೆ ಕಡೆಯ ಒಂದು ತೆಂಗಿನ ತೋಟ, ನಾಗಮಂಗಲದ ಒಂದು ರಾಗಿ ಹೊಲ, ಕೊನೆಗೆ ಪಾಂಡವಪುರ ತಾಲ್ಲೂಕಿನಲ್ಲಿ ನನ್ನ ಗದ್ದೆ. ನಾಲ್ಕು ಕಡೆಯಿಂದ ಮಣ್ಣು ತೆಗೆದುಕೊಂಡು ಹೋಗುವುದು ಅವಳ ಕೆಲಸ.

“ಯಾಕವ್ವ ಮಣ್ಣು, ಇಟ್ಗೆ ಸುಡೋಕಾ?” ಎಂದೆ.

“ಇಲ್ಲ ಅಜ್ಜಿ. ನಿಮ್ಮ ಮಣ್ಣಲ್ಲಿರೋ ಇಂಗಾಲ ಎಲ್ಲಿಂದ ಬಂತು, ಎಷ್ಟು ಹಳೇದು ಅಂತ ನೋಡೋಕೆ.”

“ಎಲ್ಲಿಂದ ಬತ್ತದೆ? ನನ್ ತಿಪ್ಪೆಯಿಂದ ಬತ್ತದೆ. ಮದ್ವೆಯಾಗ್ ಬಂದಾಗಿಂದ ಹೊತ್ತಿವ್ನಿ.”

“ಅದನ್ನೇ ಲೆಕ್ಕ ಹಾಕಿ ನೋಡ್ಬೇಕು.”

“ಲೆಕ್ಕ ಯಾಕೆ? ನಾನೇ ಯೋಳ್ತಾ ಇಲ್ವಾ?”

ಅವಳು ನಕ್ಕು, ಕೈಗೆ ಗವಸು ಹಾಕಿಕೊಂಡು, ದೊಡ್ಡ ಬೈರಿಗೆಯಂಥ ಕಬ್ಬಿಣವನ್ನು ನೆಲಕ್ಕಿಟ್ಟು ತಿರುಗಿಸಲು ಶುರು ಮಾಡಿದಳು. ಕೆರೆ ಕೆಳಗಿನ ಕಪ್ಪು ಮಣ್ಣು ನನ್ನದು. ಬೇಸಿಗೆಯಲ್ಲಿ ಮೇಲೆ ಬಿರಿಯುತ್ತದೆ, ಒಳಗೆ ಬಿಗಿಯುತ್ತದೆ. ಮೊಣಕಾಲುದ್ದ ಇಳಿದ ಕಬ್ಬಿಣ ಅಲ್ಲಿಗೇ ನಿಂತಿತು. ಹುಡುಗಿ ಜೋತು ಬಿದ್ದಳು, ಅಪ್ಪ ಜೋತು ಬಿದ್ದರು, ನನ್ನ ಮೈದುನ ಜವರ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬುದ್ಧಿ ಹೇಳಿದ. ಕಬ್ಬಿಣ ಅಲ್ಲಾಡಲಿಲ್ಲ. ಗವಸು ತೆಗೆದಾಗ ಹುಡುಗಿಯ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅವಳು ಹೊಂಗೆಮರದ ಕೆಳಗೆ ಮಜ್ಜಿಗೆ ಕುಡಿಯಲು ಹೋದಳು.

ರಹಮತ್ ಸಾಬರು ಮಗಳ ಕೈಯನ್ನೇ ನೋಡುತ್ತ ನಿಂತಿದ್ದರು.

“ಗಾಡಿ ಕೀಲು ಬಿಗಿದ್ರೆ ನೀವು ಏನ್ಮಾಡ್ತೀರಿ ಸಾಬ್ರೆ?” ಎಂದು ಕೇಳಿದೆ.

ಅವರಿಗೆ ಎರಡನೇ ಮಾತು ಬೇಕಾಗಲಿಲ್ಲ. ಆಟೋ ಸೀಟಿನ ಕೆಳಗಿನಿಂದ ಸುಟ್ಟ ಆಯಿಲ್ಲಿನ ಡಬ್ಬ ತಂದುಕೊಟ್ಟರು. ಮೊದಲೆಲ್ಲ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದೆವು. ಈಗ ಇಂಜಿನ್ನಿನಿಂದ ಇಳಿಸಿದ ಈ ಕಪ್ಪು ಎಣ್ಣೆಯೇ ಎಲ್ಲಕ್ಕೂ ಕೀಲೆಣ್ಣೆ: ಗಾಡಿಗೆ, ರಾಟೆಗೆ, ಬಾಗಿಲ ತಿರುಗಣಿಗೆ. ನಾನು ಬಟ್ಟೆ ಚೂರು ಅದ್ದಿ ಕಬ್ಬಿಣದ ಸುತ್ತ ಚೆನ್ನಾಗಿ ಬಳಿದೆ. ತೂತಿನೊಳಕ್ಕೂ ಒಂದಿಷ್ಟು ಬಿಟ್ಟೆ. ಮಾಡುವ ಕೆಲಸ ಅಚ್ಚುಕಟ್ಟಾಗಿರಬೇಕಲ್ಲ.

ಹುಡುಗಿ ಬಂದು ತಿರುಗಿಸಿದಳು. ಬೆಣ್ಣೆಗೆ ಬೆರಳು ಇಳಿದ ಹಾಗೆ ಇಳಿಯಿತು.

“ಅಜ್ಜಿ, ಕೆಳಗೆ ಮಣ್ಣು ಎಷ್ಟು ಮೆತ್ತಗಿದೆ” ಎಂದಳು.

“ನನ್ ಗದ್ದೆ ಕಣವ್ವ” ಎಂದೆ. ಬಂದವರಿಗೆ ಊಟ ಬಡಿಸುತ್ತೇವೆ. ಸಾರಿಗೆ ಏನೇನು ಹಾಕಿದೆ ಎಂದು ಹೇಳುತ್ತ ಕೂರುತ್ತೇವೆಯೇ? ಮಣ್ಣನ್ನು ಬೆಳ್ಳಿ ಬಣ್ಣದ ಹಾಳೆಯಲ್ಲಿ ಮಗುವಿನಂತೆ ಸುತ್ತಿಕೊಂಡು ಹೋದಳು.

ವರ್ಷ ಕಳೆದ ಮೇಲೆ ಫೋನು ಬಂತು. ಮೂರು ಊರಿನ ಮಣ್ಣು ಒಂದು ತೂಕವಂತೆ, ನನ್ನದೇ ಒಂದು ತೂಕವಂತೆ. ಮೇಲಿನ ಮಣ್ಣೇನೋ ಎಲ್ಲರಂತೆಯೇ. ಮೊಣಕಾಲಿನಿಂದ ಕೆಳಗೆ ಮಾತ್ರ ಎಷ್ಟೋ ಸಾವಿರ ವರ್ಷ ಹಳೆಯದು, ಅಂಥದ್ದನ್ನು ಅವಳ ಮೇಡಮ್ಮು ಕೂಡ ಕಂಡಿಲ್ಲವಂತೆ. ಮಣ್ಣು ಕೊಟ್ಟ ರೈತರನ್ನೆಲ್ಲ ಬೇರೆ ಬೇರೆ ದೇಶಗಳಿಂದ ಕರೆಸಿ ಒಂದು ಸಭೆ ಮಾಡುತ್ತಾರೆ, ನೀವು ಬರಬೇಕು ಎಂದಳು.

ನಾನೊಬ್ಬಳೇ ಯೋಗ್ಯಳು ಎಂದು ನನ್ನನ್ನು ಆರಿಸಿದರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು: ಕೆ.ಆರ್. ಪೇಟೆಯವರಿಗೆ ಮಂಡಿ ನೋವು, ನಾಗಮಂಗಲದವರಿಗೆ ವಿಮಾನದ ಭಯ, ಬೆಳಗೊಳದವರು ‘ಹಸು ಯಾರು ಕರೀತಾರೆ?’ ಅಂದರಂತೆ.

ಅದು ತಿಳಿಯುವ ಮುಂಚೆ ಊರಿಗೆಲ್ಲ ಸಾರಿಬಿಟ್ಟಿದ್ದೆ. ಹಾಲಿನ ಡೈರಿಯ ಮುಂದೆ ನಿಂತು, ನಿಮ್ಮ ಗದ್ದೆಗಳೆಲ್ಲ ನಿನ್ನೆ ಮೊನ್ನೆಯವು, ನನ್ನದು ರಾಮನ ಕಾಲದ್ದು ಎಂದೆ. ಜವರ ಮಾತ್ರ ನಂಬಲಿಲ್ಲ.

“ಅತ್ಗೆ, ನಿನ್ ಗದ್ದೆ ನಮ್ ಗದ್ದೆ ಒಂದೇ ಬದಾ. ನಿಂದು ರಾಮನ ಕಾಲ್ದು, ನಂದು ಯಾವ್ ಕಾಲ್ದು?”

“ನಿಂದು ನಿನ್ ಕಾಲ್ದು ಕಣ್ಲಾ. ಅದ್ಕೇ ಅಂಗೈತೆ.”

ವಿಮಾನದ ಬಾಗಿಲಲ್ಲಿ

ಹಬ್ಬಕ್ಕೆ ಬಂದಿದ್ದ ಆಸ್ಮಾ ವಾಪಸು ಹೋಗುವಾಗ ನನ್ನನ್ನೂ ಕರೆದುಕೊಂಡು ಹೊರಟಳು. ರಾಗಿ ಹಿಟ್ಟು ಬೇಡ ಎಂದಳು, ತುಂಬಿಕೊಂಡೆ. ಉಪ್ಪಿನಕಾಯಿ ಬೇಡ ಎಂದಳು, ಅದನ್ನೂ ತುಂಬಿಕೊಂಡೆ. ಅವೆರಡನ್ನೂ ಯಾರೂ ಕೇಳಲಿಲ್ಲ. ಸೊಂಟದ ಎಲೆ ಅಡಿಕೆ ಚೀಲದಲ್ಲಿದ್ದ ಸುಣ್ಣದ ಡಬ್ಬಿಗೆ ಹಿಡಿದುಕೊಂಡರು.

ಬಿಳಿ, ಮೆತ್ತಗೆ, ಮೂಸಿದರೆ ವಾಸನೆಯಿಲ್ಲ. ಕಾವಲಿನ ಹುಡುಗಿ ಹಿಂದಿಯಲ್ಲಿ ಏನು ಇದು ಎಂದಳು. ನಾನು ಕನ್ನಡದಲ್ಲಿ ಸುಣ್ಣ ಎಂದೆ. ಅವಳಿಗೆ ತಿಳಿಯಲಿಲ್ಲ. ತೋರಿಸೋಣ ಎಂದು ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡೆ. ಅನುಮಾನದ ವಸ್ತುವನ್ನು ಕಣ್ಣೆದುರಿಗೇ ನುಂಗಿದ್ದು ನೋಡಿ ಅವಳು ಇನ್ನಿಬ್ಬರನ್ನು ಕರೆದಳು. ಕೊನೆಗೆ ಬಂದ ಸಾಹೇಬರು ಹಾಸನದ ಕಡೆಯವರು. ಡಬ್ಬಿ ನೋಡಿದರು, ನನ್ನ ಬಾಯಿ ನೋಡಿದರು, “ಅಮ್ಮ, ನನಗೂ ಒಂದು ಎಲೆ ಮಡಚಿ ಕೊಡಿ, ಹೋಗಿ” ಎಂದರು. ಡಬ್ಬಿ ಮಾತ್ರ ಅಲ್ಲೇ ಉಳಿಯಿತು.

ಆಸ್ಮಾ ಅಷ್ಟು ಹೊತ್ತೂ ಕಂಬದ ಹಿಂದೆ ನಿಂತು, ನನ್ನ ಪರಿಚಯವೇ ಇಲ್ಲದವಳ ಹಾಗೆ ಫೋನು ನೋಡುತ್ತಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ರೈಲು

ಇಳಿದ ಊರಿನಿಂದ ಅವಳ ಊರಿಗೆ ರೈಲು. ಆ ರೈಲಿನಲ್ಲಿ ನಾಯಿಗಳಿಗೂ ಮರ್ಯಾದೆ. ನನ್ನ ಎದುರಿಗೆ ಒಬ್ಬ ಹೆಂಗಸು, ಅವಳ ಕಾಲ ಬಳಿ ಕರುವಿನಷ್ಟು ದೊಡ್ಡ ನಾಯಿ. ಅದು ಬೊಗಳಲಿಲ್ಲ, ಅವಳೂ ಮಾತಾಡಲಿಲ್ಲ. ಇಡೀ ಡಬ್ಬಿಯಲ್ಲಿ ಯಾರೂ ಯಾರನ್ನೂ ಯಾವ ಊರು ಎಂದು ಕೇಳಲಿಲ್ಲ. ನಮ್ಮಲ್ಲಿ ಕೆ.ಆರ್.ಎಸ್. ಬಸ್ಸಿಗೆ ಹತ್ತಿದರೆ ಬೆಳಗೊಳ ಬರುವುದರೊಳಗೆ ಪಕ್ಕದವಳ ಸೊಸೆಯ ಸಂಗತಿಯೆಲ್ಲ ನಮಗೆ ತಿಳಿದಿರುತ್ತದೆ.

ಬೇಜಾರಿಗೆ ಎಲೆ ಹಾಕಿಕೊಂಡೆ. ಸುಣ್ಣವನ್ನು ಸೆರಗಿನ ತುದಿಯಲ್ಲಿ ಬೇರೆ ಗಂಟು ಕಟ್ಟಿದ್ದೆ, ಅಷ್ಟು ಬುದ್ಧಿ ನನಗಿದೆ. ಬಾಯಿ ತುಂಬಿತು. ಕಿಟಕಿ ನೋಡಿದೆ, ತೆಗೆಯುವಂತಿಲ್ಲ. ಬಾಗಿಲು ನೋಡಿದೆ, ತಾನಾಗೇ ಮುಚ್ಚಿಕೊಂಡಿದೆ. ನುಂಗಲು ಆಗದು. ಆಸ್ಮಾ ನಿದ್ದೆ ಹೋಗಿದ್ದಳು. ಕೊನೆಗೆ ಬ್ಯಾಗಿನಿಂದ ಕಾಗದದ ಲಕೋಟೆಯೊಂದನ್ನು ತೆಗೆದು ಅದರೊಳಕ್ಕೆ ಉಗಿದೆ.

ಎದುರಿನ ಹೆಂಗಸು ನೋಡಿದಳು. ಕೆಂಪು ಕಂಡಳು. ಎದ್ದು ನನ್ನ ಭುಜ ಹಿಡಿದು ಹಿಂದಕ್ಕೆ ಒರಗಿಸಿದಳು, ತನ್ನ ಕೋಟು ಬಿಚ್ಚಿ ನನ್ನ ಕಾಲಿಗೆ ಹೊದಿಸಿದಳು, ಏನೋ ಕೂಗಿದಳು. ಅಷ್ಟು ಹೊತ್ತು ಗೊಂಬೆಗಳಂತೆ ಕೂತಿದ್ದವರೆಲ್ಲ ಎದ್ದರು. ಒಬ್ಬ ನೀರು ತಂದ. ಒಬ್ಬ ನಾಡಿ ಹಿಡಿದ. ನಾಯಿ ನನ್ನ ಪಾದ ನೆಕ್ಕಿತು. ನಾನು ಬೇಡ ಬೇಡ ಎಂದು ಬಾಯಿ ತೆಗೆದಷ್ಟೂ ಒಳಗಿನ ಕೆಂಪು ಕಂಡು ಅವರಿಗೆ ಗಾಬರಿ ಹೆಚ್ಚಾಯಿತು.

ಆಸ್ಮಾ ಎದ್ದು ವಿಷಯ ತಿಳಿಸಿದ ಮೇಲೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಮತ್ತೆ ಗೊಂಬೆಗಳಾದರು. ಹೆಂಗಸು ಕೋಟು ವಾಪಸು ತೆಗೆದುಕೊಂಡು, ಝಾಡಿಸಿ, ಮಡಚಿಟ್ಟಳು. ನಾನು ಬದುಕಿದ್ದು ಅವಳಿಗೆ ಸ್ವಲ್ಪ ಬೇಸರವೇ ಆದ ಹಾಗಿತ್ತು.

“ಅಜ್ಜಿ, ಈ ದೇಶದಲ್ಲಿ ಉಗಿಯೋ ಹಾಗಿಲ್ಲ” ಎಂದಳು ಆಸ್ಮಾ.

“ಮತ್ತೆ ಬಾಯಲ್ಲಿರೋದ್ನ ಏನ್ಮಾಡ್ತಾರೆ?”

“ಹಾಕ್ಕೊಳ್ಳೋದೇ ಇಲ್ಲ.”

ಆಸ್ಮಾಳ ಊರು

ಆ ಊರಿನಲ್ಲಿ ನನ್ನನ್ನು ಸೋಲಿಸಿದ್ದು ಸೂರ್ಯ. ಬಿಸಿಲುಗಾಲವಂತೆ, ಅವನು ಮುಳುಗುವುದೇ ಇಲ್ಲ. ಕತ್ತಲಾದ ಮೇಲೆ ಉಣ್ಣೋಣ ಎಂದು ಕಾದೆ. ಹೊಟ್ಟೆ ಚುರುಗುಟ್ಟಿತು, ಬಿಸಿಲು ಹಾಗೇ ಇತ್ತು. ಹುಡುಗಿ ಉಂಡು ಪಾತ್ರೆ ತೊಳೆದಳು. ನಾನು ಕಿಟಕಿಯಲ್ಲಿ ಕೂತು ಸೂರ್ಯನನ್ನು ಬೈಯುತ್ತಿದ್ದೆ.

ಬೆಳಗ್ಗೆ ಒಬ್ಬಳೇ ರಸ್ತೆ ದಾಟಲು ನಿಂತೆ. ಆ ಕಡೆ ಒಂದು ಗಾಡಿಯಿಲ್ಲ, ಈ ಕಡೆ ಒಂದು ಗಾಡಿಯಿಲ್ಲ. ಆದರೂ ಜನ ಕೆಂಪು ದೀಪ ನೋಡುತ್ತ ದೇವರ ಮುಂದೆ ನಿಂತಂತೆ ನಿಂತಿದ್ದರು. ನಾನು ದಾಟಿದೆ. ಒಂದು ಪುಟ್ಟ ಮಗು ನನ್ನ ಕಡೆ ಬೆರಳು ತೋರಿಸಿ ಅವ್ವನಿಗೆ ದೂರು ಹೇಳಿತು. ಎಮ್ಮೆ, ಟ್ರಾಕ್ಟರು, ಕಬ್ಬಿನ ಲಾರಿ ಮಧ್ಯೆ ಜೀವಮಾನವಿಡೀ ದಾಟಿದವಳು, ಖಾಲಿ ರಸ್ತೆಯಲ್ಲಿ ಮಗುವಿನ ಕೈಲಿ ಬೈಸಿಕೊಂಡೆ. ವಾಪಸು ಬಂದು ಮತ್ತೆ ನಿಂತು, ಹಸಿರು ಬಂದ ಮೇಲೆ ಇನ್ನೊಮ್ಮೆ ದಾಟಿದೆ.

ಸಭೆಯ ಹಿಂದಿನ ದಿನ ಆಸ್ಮಾ ಅಡುಗೆ ಮನೆಯಲ್ಲಿ ನನಗೆ ಪಾಠ ಹೇಳಿದಳು. ಎದುರಿಗೆ ಕೂತು ಚಪಾತಿ ಲಟ್ಟಿಸುತ್ತ ಕೇಳಿಸಿಕೊಂಡೆ.

ಗಾಳಿಯಲ್ಲಿ ಒಂದು ಬಗೆಯ ಇಂಗಾಲ ಚೂರೇ ಚೂರು ಇರುತ್ತದಂತೆ. ಗಿಡ ಅದನ್ನು ಎಲೆಯಿಂದ ಎಳೆದುಕೊಳ್ಳುತ್ತದೆ, ಗಿಡ ತಿಂದ ಹಸುವಿಗೂ ಬರುತ್ತದೆ, ಸಗಣಿಗೂ ಬರುತ್ತದೆ. ಅದರ ಗುಣ ಏನೆಂದರೆ, ತಾನಾಗೇ ಸವೆಯುತ್ತದೆ.

“ಮದುಮಗಳಿಗೆ ಅರಿಸಿನ ಹಚ್ತಾರಲ್ಲ ಅಜ್ಜಿ, ಹಾಗೆ ಅಂದ್ಕೊಳ್ಳಿ. ಬದುಕಿರೋ ತನಕ ದಿನಾ ಹೊಸದಾಗಿ ಹಚ್ತಾನೇ ಇರ್ತಾರೆ, ಹಳದಿ ಹಾಗೇ ಇರತ್ತೆ. ಸತ್ತ ಮೇಲೆ ಹಚ್ಚೋರಿಲ್ಲ. ಬಿಡ್ತಾ ಹೋಗತ್ತೆ. ಎಷ್ಟು ಹಳದಿ ಉಳಿದಿದೆ ಅಂತ ನೋಡಿದ್ರೆ, ಸತ್ತು ಎಷ್ಟು ವರ್ಷ ಆಯ್ತು ಅಂತ ಗೊತ್ತಾಗತ್ತೆ.”

“ನನ್ ಗದ್ದೇಲಿ ಸತ್ತಿರೋರು ಯಾರು?”

“ಬೇರು, ಎಲೆ, ಗೊಬ್ಬರ, ಹುಳ, ಎಲ್ಲಾ. ಹೋದ ವರ್ಷದ್ದು ಯಾವುದು, ಅಜ್ಜನ ಕಾಲದ್ದು ಯಾವುದು ಅಂತ ಬೇರೆ ಮಾಡೋದೇ ನನ್ನ ಕೆಲಸ. ಹಳೇದು ಹೆಚ್ಚಿದ್ರೆ ಮಣ್ಣು ಇಂಗಾಲಾನ ಬಿಗಿ ಹಿಡ್ಕೊಂಡಿದೆ ಅಂತ ಅರ್ಥ. ಹೊಸದೇ ಹೆಚ್ಚಿದ್ರೆ, ಹಾಕಿದ್ದು ಹಾಕಿದ ಹಾಗೇ ಗಾಳಿಗೆ ಹೋಗ್ತಿದೆ ಅಂತ.”

ಅವಳ ಪುಸ್ತಕವನ್ನು ಮೇಷ್ಟ್ರುಗಳ ಮುಂದೆ ಒಪ್ಪಿಸುವ ಕಾಲ ಹತ್ತಿರ ಬಂದಿತ್ತು. ನಾಲ್ಕು ಊರಿನ ಮಣ್ಣೂ ಸೇರಿದರೆ ಅದು ಪುಸ್ತಕ. ಅದರಲ್ಲಿ ದೊಡ್ಡ ಸುದ್ದಿ ನನ್ನ ಗದ್ದೆಯೇ. ಒಪ್ಪಿಗೆಯಾದರೆ ಡಾಕ್ಟರು, ಇಲ್ಲದಿದ್ದರೆ ಕೊಟ್ಟ ಕಾಲ ಮುಗಿದು, ಕೈ ಬೀಸಿಕೊಂಡು ಮನೆಗೆ. ಇದನ್ನು ಅವಳು ಹೇಳುವಾಗ ಚಪಾತಿ ಸೀಯುತ್ತಿತ್ತು, ಇಬ್ಬರಿಗೂ ಗೊತ್ತಾಗಲಿಲ್ಲ.

ಮಣ್ಣಿನ ಮನೆ

ಮಣ್ಣು ಪರೀಕ್ಷೆ ಮಾಡುವ ಕಟ್ಟಡ ಆಸ್ಪತ್ರೆಗಿಂತ ಚೊಕ್ಕಟವಾಗಿತ್ತು. ಚಪ್ಪಲಿಗೆ ನೀಲಿ ಚೀಲ, ತಲೆಗೆ ಟೋಪಿ. ನನ್ನ ತಲೆಯ ಹರಳೆಣ್ಣೆ ನೋಡಿ ಟೋಪಿಯ ಮೇಲೊಂದು ಟೋಪಿ ಹಾಕಿದರು. ಮಧ್ಯದಲ್ಲಿ ಯಂತ್ರ, ನಮ್ಮ ಆಲೆಮನೆಯಷ್ಟು ದೊಡ್ಡದು. ಅಷ್ಟು ದೊಡ್ಡ ಯಂತ್ರಕ್ಕೆ, ಮಣ್ಣು ಸುಟ್ಟು ತೆಗೆದ ಸಾಸಿವೆಯಷ್ಟು ಮಸಿ ತಿನ್ನಿಸುತ್ತಾರೆ.

ರೈತರು ಹತ್ತಾರು ಜನ ಇದ್ದೆವು. ಎಲ್ಲರ ಕೈಯೂ ಒಂದೇ ಥರ. ಅದೊಂದೇ ನನಗೆ ಧೈರ್ಯ. ಗೋಡೆಯ ಮೇಲೆ ದೊಡ್ಡ ಕಾಗದ, ಅದರ ತುಂಬ ಚುಕ್ಕೆಗಳು. ಬೆಳಗೊಳ, ಕೆ.ಆರ್. ಪೇಟೆ, ನಾಗಮಂಗಲದ ಚುಕ್ಕೆಗಳು ಸ್ಕೂಲು ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ದೂರದಲ್ಲಿ, ಮೂಲೆಯಲ್ಲಿ, ಒಂದೇ ಒಂದು ಕೆಂಪು ಚುಕ್ಕೆ. ಅದು ನಾನು. ಸೆರಗು ಸರಿ ಮಾಡಿಕೊಂಡೆ.

ಮೇಡಮ್ಮು ಎತ್ತರದ ಹೆಂಗಸು, ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದರು. ಎಲ್ಲರೆದುರು ನನ್ನನ್ನು ಮುಂದೆ ಕರೆದು ಏನೋ ಕೇಳಿದರು. ಕನ್ನಡ ಬರುತ್ತಿದ್ದವಳು ಅಲ್ಲಿ ಆಸ್ಮಾ ಒಬ್ಬಳೇ. ಅವಳು ನನಗೆ ಹೇಳಿದಳು: “ಅಜ್ಜಿ, ಅಷ್ಟು ಗಟ್ಟಿ ಜೇಡಿಮಣ್ಣಲ್ಲಿ ಅಷ್ಟು ಆಳಕ್ಕೆ ಹೇಗೆ ಇಳಿಸಿದ್ರಿ, ಬೇರೆ ಯಾರಿಗೂ ಆಗಿಲ್ಲ ಅಂತಿದ್ದಾರೆ.”

ನಾನು ಜೀವಮಾನದಲ್ಲಿ ಮಾಡಿದ ಒಂದೇ ಭಾಷಣ ಇದು.

“ಇಳೀದೆ ಏನ್ ಮಾಡ್ತದೆ?” ಎಂದೆ. “ನೀವೆಲ್ಲ ಓದ್ದೋರು, ತಿರುಗ್ಸಿ ತಿರುಗ್ಸಿ ಕೈ ಬೊಬ್ಬೆ ಮಾಡ್ಕೋತೀರಿ. ಈ ಅಮ್ಮಿ ಮಜ್ಗೆ ಕುಡಿಯಾಕೋದಾಗ ನಾನೇ ಕಬ್ಬಿಣಕ್ಕೆ ಕೀಲೆಣ್ಣೆ ಬಳ್ದೆ. ಗಾಡಿ ಇಂಜಿನ್ದು, ಸುಟ್ಟ ಆಯಿಲ್ಲು. ತೂತಿಗೂ ಒಸಿ ಬುಟ್ಟೆ. ಸಲೀಸಾಗಿ ಇಳೀತು. ನೀವೂ ಅಂಗೇ ಮಾಡಿ.”

ಹೇಳಿ ಮುಗಿಸಿ ಚಪ್ಪಾಳೆಗೆ ಕಾದೆ.

ಆಸ್ಮಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ತುಟಿಯ ಬಣ್ಣ ಹೋಯಿತು. ಮೇಡಮ್ಮು ಮುಗುಳ್ನಗುತ್ತ ಅವಳ ಕಡೆ ತಿರುಗಿದರು. ಏನಂದರು, ಹೇಳು, ಎಂದು ಕೇಳಿದರು ಎನ್ನುವುದು ಭಾಷೆ ಬರದ ನನಗೂ ತಿಳಿಯಿತು. ಎಲ್ಲರೂ ಕಾಯುತ್ತಿದ್ದರು.

ಆಗ ಅವಳು ಏನು ಬೇಕಾದರೂ ಹೇಳಬಹುದಿತ್ತು. ಅಜ್ಜಿ ದೇವರಿಗೆ ಕೈ ಮುಗಿದರಂತೆ ಎನ್ನಬಹುದಿತ್ತು. ಮಣ್ಣು ಮೆತ್ತಗಿತ್ತಂತೆ ಎನ್ನಬಹುದಿತ್ತು. ನನಗೂ ತಿಳಿಯುತ್ತಿರಲಿಲ್ಲ, ಅವರಿಗೂ ತಿಳಿಯುತ್ತಿರಲಿಲ್ಲ.

ಅವಳು ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು. ಬಳಿದ ಸನ್ನೆಯನ್ನೂ ಮಾಡಿ ತೋರಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಮ್ಮು ನಗಲಿಲ್ಲ, ಬೈಯಲೂ ಇಲ್ಲ. ಜೇಬಿನಿಂದ ಪೆನ್ನು ತೆಗೆದು ಗೋಡೆಯ ಹತ್ತಿರ ಹೋಗಿ, ಮೂಲೆಯಲ್ಲಿದ್ದ ಕೆಂಪು ಚುಕ್ಕೆಯ ಮೇಲೆ ಅಡ್ಡ ಗೀಟು ಎಳೆದರು. ಇಥಿಯೋಪಿಯಾದ ರೈತನೊಬ್ಬ ನನ್ನ ಪಕ್ಕಕ್ಕೆ ಬಂದು, ತಾನೂ ಎಣ್ಣೆ ಬಳಿಯುತ್ತಿದ್ದೆ ಎಂದು ಕೈಯಲ್ಲೇ ಹೇಳಿದ. ಅವತ್ತು ನನ್ನ ಭಾಷಣವನ್ನು ಮೆಚ್ಚಿದ್ದು ಅವನೊಬ್ಬನೇ.

ಬೆಂಚು

ಕಟ್ಟಡದ ಹಿಂದೆ ಹುಲ್ಲು ಬಯಲು, ಒಂದು ಬೆಂಚು. ಆಸ್ಮಾ ಅಲ್ಲಿ ಕೂತಿದ್ದಳು. ಸಂಜೆ ಎಂದು ಹೇಳಬೇಕು, ಬಿಸಿಲು ನಡು ಮಧ್ಯಾಹ್ನದಂತೆ ಇತ್ತು. ಪಕ್ಕದಲ್ಲಿ ಕೂತೆ.

“ಏನಾಯ್ತು ಯೋಳವ್ವ. ಎಣ್ಣೆ ಬುಟ್ರೆ ಏನಾಯ್ತದೆ?”

“ಡೀಸೆಲ್ಲು, ಆಯಿಲ್ಲು ಎಲ್ಲ ಭೂಮಿ ಒಳಗೆ ಕೋಟಿಗಟ್ಟಲೆ ವರ್ಷದ ಹಿಂದೆ ಸತ್ತದ್ದರಿಂದ ಆಗಿರೋದು ಅಜ್ಜಿ. ಅದರಲ್ಲಿ ಅರಿಸಿನ ಚೂರೂ ಉಳಿದಿಲ್ಲ. ಅದು ಸೇರಿದ್ರೆ ನಿನ್ನೆ ಸಗಣಿ ಕೂಡ ಸಾವಿರಾರು ವರ್ಷದ್ದು ಅನ್ನೋ ಹಾಗೆ ಕಾಣತ್ತೆ. ತೊಳೆದ್ರೂ ಪೂರ್ತಿ ಹೋಗಲ್ಲ.”

“ಅಂಗಾರೆ ನನ್ ಗದ್ದೆ ರಾಮನ ಕಾಲ್ದಲ್ಲ.”

“ಅಲ್ಲ.”

“ಜವರಂಗೆ ಗೊತ್ತಾದ್ರೆ ಸಾಯೋವರ್ಗೂ ಆಡ್ಕೋತಾನೆ.”

ಅವಳು ನಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಲೂ ಇಲ್ಲ. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ, ಮಕ್ಕಳಿಗೂ ಮಾಡಿದವಳಲ್ಲ.

“ಅಳೋದಿದ್ರೆ ಅತ್ಬುಡು, ಆಮ್ಯಾಕೆ ಮಾತಾಡವ” ಎಂದು ಎಲೆ ಚೀಲ ತೆಗೆದೆ. ಉಗಿಯುವ ಹಾಗಿಲ್ಲ ಎಂದು ನೆನಪಾಗಿ ಮತ್ತೆ ಒಳಗಿಟ್ಟೆ.

ಅತ್ತಳು. ಮುಗಿಸಿದಳು. ಬಿಳಿ ಕಾಗದದಲ್ಲಿ ಮೂಗು ಸೀಟಿದಳು.

“ನೀವಂತೂ ನನ್ನ ಕೈ ನೋಡಲಾರದೆ ಮಾಡಿದ್ರಿ” ಎಂದಳು.

ನಿನ್ನ ಕೈ ನೋಡಲಾರದವರು ಬೇರೆಯೇ ಇದ್ದರು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. ಬೆಳಗ್ಗೆ ಭಾಷಣ ಮಾಡುವಾಗ ಮೆಚ್ಚುಗೆಯೆಲ್ಲ ನನಗೇ ಬರಲಿ ಎಂದು ‘ನಾನೇ ಬಳಿದೆ’ ಎಂದಿದ್ದೆ. ಈಗ ಬೈಗುಳವೂ ಒಬ್ಬಳಿಗೇ ಬರಲಿ. ಡಬ್ಬ ಕೊಟ್ಟವರ ಹೆಸರು ಅವಳಿಗೆ ಆಮೇಲೆ ಅವರೇ ಹೇಳಿಕೊಂಡರು. ಅದು ಅಪ್ಪ ಮಗಳ ವಿಚಾರ.

“ಈಗ ಏನ್ ಆಗ್ಬೇಕು?”

“ಮೇಡಂ ಅಂದ್ರು, ಅದೇ ಜಾಗದ ಪಕ್ಕ ಹೊಸ ಮಣ್ಣು ಬೇಗ ಬಂದ್ರೆ ಯಂತ್ರದಲ್ಲಿ ಜಾಗ ಮಾಡಿ ಕೊಡ್ತೀನಿ ಅಂತ. ಆದ್ರೆ ನಾನು ಈಗ ತಾನೇ ಬಂದಿದೀನಿ, ಮತ್ತೆ ಹೋಗೋ ಹಾಗಿಲ್ಲ.”

“ನಾನು ಓಗ್ತಾ ಇವ್ನಲ್ಲ.”

“ಕೈಯಲ್ಲೇ ಗುಂಡಿ ತೋಡ್ಬೇಕು ಅಜ್ಜಿ. ಸೊಂಟದುದ್ದ. ಸನಿಕೆ ತೊಳೆದು ಒರೆಸಿರ್ಬೇಕು. ಎಣ್ಣೆ ಇಲ್ಲ, ಬೀಡಿ ಬೂದಿ ಇಲ್ಲ, ಉಗುಳು ಇಲ್ಲ.”

“ಉಗುಳ್ ಯಾಕೆ?”

“ಅದರಲ್ಲೂ ಇಂಗಾಲ ಇರತ್ತೆ.”

ಈ ಲೋಕದಲ್ಲಿ ಅದು ಇಲ್ಲದ ಜಾಗ ಯಾವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಜವರನಿಗೆ ಅಲ್ಲಿಂದಲೇ ಫೋನು ಮಾಡಿಸಿದೆ.

“ಲೋ ಜವರ, ನನ್ ಗದ್ದೆಗೆ ನೀರ್ ಬುಡಬ್ಯಾಡ.”

“ಆಗ್ಲೇ ನಾಲೆ ತುಂಬಾ ನೀರು ಅತ್ಗೆ. ಮ್ಯಾಗ್ಲೋರೆಲ್ಲ ಕಟ್ಕೊಂಡವ್ರೆ. ನಂದೂ ನಾಟಿ ಆಗ್ಬೇಕು. ನಿಂದನ್ನ ದಾಟಿ ತಾನೆ ನಂಗೆ ನೀರ್ ಬರೋದು?”

“ನಾನು ಬರಗಂಟ ನಿಲ್ಸು.”

“ಯಾಕೆ? ಜರ್ಮನಿಯಿಂದ ನೀರ್ ತತ್ತಿದ್ದೀಯಾ?”

ನೀರು ನಿಂತ ಗದ್ದೆಯಲ್ಲಿ ಗುಂಡಿ ತೋಡಿದರೆ ಕೆಸರು ಸಿಗುತ್ತದೆ, ಮೇಲಿನದೂ ಕೆಳಗಿನದೂ ಒಂದಾಗುತ್ತದೆ. ಅವನಿಗೆ ಇದನ್ನು ವಿವರಿಸಬೇಕಾದರೆ ಎಣ್ಣೆಯ ಸಂಗತಿ ಹೇಳಬೇಕು. ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಲಿಲ್ಲ. ಫೋನು ಕೆಟ್ಟಿತು ಅಂದುಕೊಂಡೆ. ಅವನು ನಗುತ್ತಿದ್ದ.

“ನೀನ್ ಬರಗಂಟ ಬದಾ ಕಾಯ್ತೀನಿ ಬಾ” ಎಂದ. “ಇದ್ನ ನೀನೇ ಡೈರಿ ಮುಂದೆ ನಿಂತ್ಕಂಡು ಯೋಳ್ಬೇಕು. ಅದೊಂದೇ ಕರಾರು.”

ಮತ್ತೆ ಕ್ಯಾತನಹಳ್ಳಿ

ಬರುವಾಗ ಒಬ್ಬಳೇ. ಭಾಷೆ ಬಾರದವಳು ದಾರಿ ತಪ್ಪಬಾರದು ಎಂದು ಆಸ್ಮಾ ನನಗೆ ಗಾಲಿ ಕುರ್ಚಿ ಹೇಳಿದ್ದಳು. ಸೊಂಟದುದ್ದ ಗುಂಡಿ ತೋಡಲು ಹೊರಟವಳನ್ನು ಇಬ್ಬರು ಹುಡುಗರು ತಳ್ಳಿಕೊಂಡು ಹೋದರು. ನಡುವೆ ಒಮ್ಮೆ ಎದ್ದು ನಾನೇ ಬ್ಯಾಗು ಎತ್ತಿಟ್ಟೆ. ಅವರು ಮೋಸ ಹೋದವರಂತೆ ನೋಡಿದರು.

ಬೆಂಗಳೂರಿನಲ್ಲಿ ರಹಮತ್ ಸಾಬರು ಕಾಯುತ್ತಿದ್ದರು. ಬಸ್ಸಿನಲ್ಲಿ ಊರ ಕಡೆ ಹೊರಟೆವು. ಪಾಂಡವಪುರ ಬಂದ ಮೇಲೆ ಕೇಳಿದರು: “ಅಮ್ಮಾ, ಡಬ್ಬ ಯಾರದು ಅಂತ ಹೇಳಿದ್ರಾ?”

“ಕೇಳ್ಲಿಲ್ಲ. ಯೋ‍ಳ್ಲಿಲ್ಲ.”

“ಅವಳ ಕೈ ನೋಡಿ...”

“ಗೊತ್ತು ಬುಡಿ ಸಾಬ್ರೆ. ಬೆಳಿಗ್ಗೆ ಬನ್ನಿ.”

ಊರು ಮುಟ್ಟಿದಾಗ ಮಬ್ಬಾಗಿತ್ತು. ಹೇಳಿದ ಹೊತ್ತಿಗೆ ಮುಳುಗುವ ಸೂರ್ಯನನ್ನು ನೋಡಿ ನೆಮ್ಮದಿಯಾಯಿತು. ಜವರ ಕೈಯಲ್ಲಿ ಸನಿಕೆ ಹಿಡಿದು ಬದುವಿನ ಮೇಲೇ ಇದ್ದ. ಸುತ್ತಲಿನ ಗದ್ದೆಗಳೆಲ್ಲ ಕನ್ನಡಿಯಾಗಿದ್ದವು, ನನ್ನದೊಂದು, ಅದರ ಕೆಳಗೆ ಅವನದೊಂದು ಒಣಗಿಕೊಂಡು ನಿಂತಿದ್ದವು.

ಮರುದಿನ ಬೆಳಗ್ಗೆ ಕಾಫಿ ಕೂಡ ಕುಡಿಯದೆ ಗದ್ದೆಗೆ ಹೋದೆ. ಸನಿಕೆಯನ್ನು ಹಿಂದಿನ ರಾತ್ರಿಯೇ ಸೀಗೆ ಹಾಕಿ ಉಜ್ಜಿಟ್ಟಿದ್ದೆ, ನನ್ನ ತಲೆಗೂ ಅಷ್ಟು ಉಜ್ಜಿಲ್ಲ. ತಲೆಗೆ ಎಣ್ಣೆ ಹಾಕಿರಲಿಲ್ಲ, ಬಾಯಿಗೆ ಎಲೆ ಹಾಕಿರಲಿಲ್ಲ. ರಹಮತ್ ಸಾಬರ ಗಾಡಿ ಬದುವಿನ ಹತ್ತಿರ ಬರುವುದು ನೋಡಿ ಅಲ್ಲಿಂದಲೇ ಕೂಗಿದೆ.

“ಗಾಡಿ ರೋಡಲ್ಲೇ ನಿಲ್ಸಿ. ತೊಟ್ಟಿಕ್ತದೆ ಅದು.”

“ತೊಳ್ಕೊಂಡು ಬಂದಿದೀನಿ ಅಮ್ಮಾ.”

“ರೋಡಲ್ಲೇ ನಿಲ್ಸಿ.”

ಅವರು ರಸ್ತೆಯಲ್ಲಿ ಬಿಟ್ಟು, ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಮಗಳು ಹೇಳಿಕೊಟ್ಟಂತೆ ಕೈಗೆ ಗವಸು ಹಾಕಿಕೊಂಡು ಬಂದರು. ಹಳೆಯ ತೂತಿನಿಂದ ಎರಡು ಮಾರು ಆಚೆ ಅಗೆಯಲು ಶುರು ಮಾಡಿದೆ. ಮೇಲಿನ ಗೇಣು ಪುಡಿ ಪುಡಿಯಾಗಿ ಬಂತು. ಅದು ನನ್ನ ತಿಪ್ಪೆ, ಅದಕ್ಕೆ ಯಂತ್ರ ಬೇಡ. ಮೊಣಕಾಲಿನ ಹತ್ತಿರ ಬಿಗಿಯಿತು. ನಾನು ಸ್ವಲ್ಪ, ಸಾಬರು ಸ್ವಲ್ಪ, ಕೊನೆಗೆ ಬುದ್ಧಿ ಹೇಳಿ ಸಾಕಾಗಿ ಜವರ ಸ್ವಲ್ಪ.

“ಅತ್ಗೆ” ಎಂದ ಜವರ ಬೆವರು ಒರೆಸಿಕೊಳ್ಳುತ್ತ. “ಒಸಿ ಕೀಲೆಣ್ಣೆ ಬುಡ್ಲಾ?”

ಸಾಬರು ತಲೆ ತಗ್ಗಿಸಿದರು. ನಾನು ಒಂದು ಹೆಂಟೆ ತೆಗೆದು ಅವನ ಕಾಲಿಗೆ ಬೀಸಿದೆ. ತಗಲಿತು.

ಸೊಂಟದುದ್ದ ಆದಾಗ ಗುಂಡಿಯ ಗೋಡೆಯಿಂದ ಮಣ್ಣು ಕೆರೆದು ಮೇಲಕ್ಕೆ ಕೊಟ್ಟೆ. ಸಾಬರು ಒಂದೊಂದನ್ನೂ ಬೆಳ್ಳಿ ಹಾಳೆಯಲ್ಲಿ ಸುತ್ತಿ, ಮೇಲಿನದು ಕೆಳಗಿನದು ಎಂದು ಗುರುತು ಹಾಕಿ, ಎದೆಗೆ ಅವಚಿಕೊಂಡು ರಸ್ತೆಗೆ ಓಡಿದರು. ಮೈಸೂರಿನ ಕೊರಿಯರಿನವರ ಕೈಗೆ ಸೇರಿ ಅದು ವಿಮಾನದಲ್ಲಿ ಹೋಗಬೇಕಿತ್ತು. ಹೋಯಿತು. ಅದರ ವಯಸ್ಸನ್ನು ಆಸ್ಮಾ ಆಮೇಲೆ ಫೋನಿನಲ್ಲಿ ಹೇಳಿದಳು, ಡಾಕ್ಟರೂ ಆದಳು. ನಾನು ಹೊತ್ತ ಗೊಬ್ಬರದಲ್ಲಿ ಹೆಚ್ಚಿನದು ಗಾಳಿಗೆ ಹೋಗಿದೆಯಂತೆ. ಕೆಳಗೆ ಇರುವುದು ಯಾರು ಯಾರೋ ಹಳಬರದು. ರಾಮನಂತೂ ಅಲ್ಲ. ಅದನ್ನೂ ಡೈರಿ ಮುಂದೆ ನಿಂತು ಹೇಳಿದ್ದೇನೆ, ಕರಾರಿನಂತೆ.

ಆದರೆ ಆವತ್ತು ಬೆಳಗ್ಗೆ ಇದ್ಯಾವುದೂ ಗೊತ್ತಿರಲಿಲ್ಲ. ಮಣ್ಣು ಹೋದ ಮೇಲೆ ನಾನು ಗುಂಡಿಯಲ್ಲೇ ಉಳಿದೆ. ಹತ್ತಲು ಆಗಲಿಲ್ಲ. ಜವರ ಎರಡು ಕೈ ಹಿಡಿದು ಎಳೆದು ತೆಗೆದ, ಜರ್ಮನಿಯವರು ಕುರ್ಚಿ ಕೊಟ್ಟಿದ್ದು ಸುಮ್ಮನೆ ಅಲ್ಲ ಎಂದ. ಗುಂಡಿ ಮುಚ್ಚಿದೆವು. ಮಡೆಯ ಮಣ್ಣು ನಾನೇ ಕಿತ್ತೆ. ನೀರು ಒಳಕ್ಕೆ ಬಂತು, ಬಿರುಕುಗಳಿಗೆ ಇಳಿಯಿತು, ಗುಳುಗುಳು ಎಂದಿತು, ನನ್ನದು ತುಂಬಿ ಜವರನದಕ್ಕೆ ಹರಿಯಿತು.

ಬದುವಿನ ಮೇಲೆ ಕೂತು ಎಲೆ ಹಾಕಿಕೊಂಡೆ. ಬಾಯಿ ತುಂಬಿತು. ಮದುವೆಯಾಗಿ ಬಂದಾಗಿನಿಂದ ಉಗಿಯುತ್ತಿದ್ದ ಜಾಗ, ಪಕ್ಕದಲ್ಲೇ ಇತ್ತು. ಸುಮ್ಮನೆ ನೋಡಿದೆ. ಆಮೇಲೆ ಎದ್ದು, ಸೀರೆ ಎತ್ತಿ ಕಟ್ಟಿ, ಬಾಯಿ ಮುಚ್ಚಿಕೊಂಡು ರಸ್ತೆಯವರೆಗೆ ನಡೆದು ಹೋಗಿ ಉಗಿದೆ.